ಗೋಡೆಯ ಕಡೆಗಿದ್ದ ಪುಟ

ನಮ್ಮ ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಗುಲಾಬಿ ಬಣ್ಣದ್ದಾಗಿರುತ್ತಿತ್ತು. ಉಳಿದ ಒಂಬತ್ತು ಉಗುರುಗಳು ಮೊಟಕಾಗಿ ಕತ್ತರಿಸಿದ ಸಾದಾ ಉಗುರುಗಳು. ಅದೊಂದು ಮಾತ್ರ ಮದುಮಗಳ ಉಗುರಿನ ಹಾಗೆ. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ಅದನ್ನು ಕಂಡು, "ನಲವತ್ತು ದಾಟ್ಯಾವ, ಮದುವಿ ಇಲ್ಲ ಮಕ್ಕಳಿಲ್ಲ, ಬಣ್ಣಾ ನೋಡ ಬಣ್ಣಾ" ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅದು ಉಗುರಿಗೆ ಹಚ್ಚುವ ಬಣ್ಣವಾಗಿರಲಿಲ್ಲ. ಅಚ್ಚು ತೆಗೆಯುವ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಮೊನೆಕಡ್ಡಿಯಿಂದ ಕೊರೆದ ಅಕ್ಷರ ತಪ್ಪಿದರೆ ಆ ಜಾಗ ಮುಚ್ಚುವುದಕ್ಕೆ ಸಣ್ಣ ಬಾಟಲಿಯಲ್ಲಿ ಬರುತ್ತಿದ್ದ ದ್ರವ ಅದು. ಹಚ್ಚಿ, ಬಾಯಿಂದ ಊದಿ, ಒಣಗಿತೋ ಇಲ್ಲವೋ ಎಂದು ಹೆಬ್ಬೆರಳಿನ ಉಗುರಿನಿಂದ ಮುಟ್ಟಿ ನೋಡುವುದು ಅವರ ರೂಢಿ. ಆ ಬಣ್ಣದಲ್ಲಿ ಮುಕ್ಕಾಲು ಪಾಲು ನನ್ನ ತಪ್ಪುಗಳದು.

ಮಕ್ಕಳೇ, ನಿಮ್ಮ ಮನೆಗೆ ಮಿಕ್ಸರ್ ತಂದರೆ ಅದರ ಜೊತೆ ಒಂದು ಸಣ್ಣ ಪುಸ್ತಕ ಬರುತ್ತದೆ. ಹೇಗೆ ಜೋಡಿಸಬೇಕು, ಏನು ಮಾಡಬಾರದು ಎಂದು ಅದರಲ್ಲಿ ಇರುತ್ತದೆ. ನೀವು ಅದನ್ನು ತೆರೆಯದೆ ಮೂಲೆಗೆ ಎಸೆಯುತ್ತೀರಿ, ನಾನು ಎತ್ತಿಟ್ಟುಕೊಳ್ಳುತ್ತೇನೆ. ಅಜ್ಜಿಗೆ ಹುಚ್ಚು ಎಂದು ನೀವು ನಗುತ್ತೀರಿ. ಅಂಥದನ್ನು ಬರೆಯುವುದು ಒಂದು ವಿದ್ಯೆ, ಅದಕ್ಕೂ ಕಲಿಕೆ ಇದೆ, ಕಟ್ಟುನಿಟ್ಟಿದೆ ಎಂದು ನನಗೆ ತೋರಿಸಿದವರು ಅಕ್ಕೋರು. ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. ಹೆಸರು ಬರೆಯುವುದಿಲ್ಲ. ಆ ಹೆಸರು ಕೆಡುವುದಕ್ಕೆ ನಾನು ಕಾರಣಳಾದೆ. ಈಗ ನನ್ನ ಬರಹಕ್ಕಾಗಿ ಅದನ್ನು ಬಳಸಲು ಮನಸ್ಸು ಒಪ್ಪುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಅಂಬೆಗಾಲಿಡುತ್ತಿದ್ದಳು. ನಾನು ಹಳ್ಳಿಯ ಶಾಲೆಯಲ್ಲಿ ಮುಲ್ಕಿ ಪಾಸಾದವಳು, ಅಂದರೆ ಏಳನೆಯ ಇಯತ್ತೆ. ಅಕ್ಷರ ದುಂಡಗಿದ್ದವು, ನನ್ನ ಹತ್ತಿರ ಇದ್ದ ಆಸ್ತಿ ಅದೊಂದೇ. ಹಾನಗಲ್ಲಿನಲ್ಲಿ ಆಗ ಒಂದು ಸಣ್ಣ ತರಬೇತಿ ಕೇಂದ್ರವಿತ್ತು, ಈಗ ಇಲ್ಲ. ಸುತ್ತಲಿನ ಹಳ್ಳಿಗಳಿಗೆ ಬೆಳೆಗೆ ಔಷಧ ಹೊಡೆಯುವ ಪಂಪು, ನೀರೆತ್ತುವ ಎಂಜಿನ್ನು, ಬೀಜಕ್ಕೆ ಲೇಪಿಸುವ ಪುಡಿ ಇಂಥವನ್ನು ಕೊಟ್ಟು ಬಳಸುವುದನ್ನು ಕಲಿಸುತ್ತಿದ್ದರು. ಪ್ರತಿ ಸಾಮಾನಿನ ಜೊತೆ ಒಂದು ಹಾಳೆ ಹೋಗಬೇಕು. ಆ ಹಾಳೆ ಬರೆಸುವುದು, ಅಚ್ಚು ತೆಗೆಸುವುದು ಅಕ್ಕೋರ ಕೆಲಸ. ಅವರಿಗೆ ಒಬ್ಬಳು ಬರಹಗಾರ್ತಿ ಬೇಕಾಗಿದ್ದಳು.

ಕೆಲಸ ಕೇಳಲು ಹೋದ ದಿನ ನಾನು ತಲೆ ಎತ್ತಲಿಲ್ಲ. ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದೆ. ಅಕ್ಕೋರು ಒಂದು ಕಾಗದ ಮುಂದಿಟ್ಟು, "ತುಂಬಿದ ಕೊಡ ತಲಿ ಮ್ಯಾಲ ಹೊರೂದು ಹೆಂಗ, ಬರಿ" ಅಂದರು. ಇದೇನು ಚೇಷ್ಟೆ ಎಂದುಕೊಂಡೆ. ಐದು ಸಾಲು ಬರೆದುಕೊಟ್ಟೆ. ಅವರು ಅಂಗಳದ ನೀರಿನ ಹೌದಿನಿಂದ ಒಂದು ಕೊಡ ತುಂಬಿ ತರಿಸಿ, ಒಂದು ಕೈಯಲ್ಲಿ ನನ್ನ ಕಾಗದ ಹಿಡಿದು, ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತ ನಾನು ಬರೆದಂತೆಯೇ ಮಾಡಿದರು. ಮೂರನೆಯ ಸಾಲಿಗೆ ಕೊಡ ಜಾರಿತು. ನೀರೆಲ್ಲ ಅವರ ತಲೆ, ಕನ್ನಡಕ, ಇಳಕಲ್ ಸೀರೆಯ ಮೇಲೆ. ನಾನು ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ ಇಟ್ಟುಕೊಳ್ಳುವುದನ್ನೇ ಬರೆದಿರಲಿಲ್ಲ.

ಹೆದರಿ ಬಾಗಿಲ ಕಡೆ ಹೊರಟೆ. ಅಕ್ಕೋರು ಕನ್ನಡಕ ಒರೆಸಿಕೊಳ್ಳುತ್ತ, "ಎಲ್ಲಿಗೆ ಹೊಂಟಿ? ನಿಂದ್ರು. ನಂದಂತೂ ಇವತ್ತಿನ ಸ್ನಾನ ಎರಡನೇ ಸಲ ಆತು" ಅಂದು ನಕ್ಕರು. ಆಮೇಲೆ ಹೇಳಿದರು, "ಸಿಂಬಿ ಯಾಕ ಬಿಟ್ಟಿ ಗೊತ್ತದೇನು? ನಿನ್ನ ಕೈಗೆ ಅದು ಭಾಳ ಗೊತ್ತದ. ಕೈಗೆ ಗೊತ್ತಿದ್ದದ್ದನ್ನ ಬಾಯಿ ಮರೀತದ. ನಮ್ಮ ಕೆಲಸ ಅಂದ್ರ ಅದನ್ನ ನೆನಪ ಮಾಡಿಕೊಡೂದು. ನಾಳಿಂದ ಬಾ."

ಅವರ ಪದ್ಧತಿಯನ್ನು ನಾನು ಎರಡು ವರ್ಷ ಕಲಿತೆ. ಮೇಜಿನ ಮೇಲೆ ಒಂದು ದೊಡ್ಡ ಬಿಸ್ಕೀಟು ಡಬ್ಬಿ. ಅದರೊಳಗೆ ರಟ್ಟಿನ ಮೂರು ಖಾನೆ. ಬಿಳಿ ಚೀಟಿಗಳಲ್ಲಿ ಸಾಮಾನು ಏನು, ಯಾವ ಭಾಗಕ್ಕೆ ಏನೆನ್ನುತ್ತಾರೆ ಎಂಬುದು. ಹಳದಿ ಚೀಟಿಗಳಲ್ಲಿ ಹೇಗೆ ಮಾಡಬೇಕು ಎಂಬುದು, ಒಂದು ಸಾಲಿಗೆ ಒಂದೇ ಕೈಕೆಲಸ. ಕೆಂಪು ಚೀಟಿಗಳಲ್ಲಿ ಜೋಕೆಯ ಮಾತುಗಳು. ಒಂದು ಜೋಕೆಯ ಮಾತನ್ನು ಒಂದೇ ಸಲ ಸರಿಯಾಗಿ ಬರೆಯುವುದು. ಅದು ಎಷ್ಟು ಹಾಳೆಗಳಿಗೆ ಹೋಗುತ್ತದೋ ಅಷ್ಟಕ್ಕೂ ಅದೇ ಮಾತು, ಅಕ್ಷರ ಬದಲಿಲ್ಲದೆ. ಯಾವ ಯಾವ ಹಾಳೆಗೆ ಹೋಗಿದೆ ಎಂದು ಚೀಟಿಯ ಬೆನ್ನಿಗೆ ಗುರುತು. ಮಾತು ತಿದ್ದಿದರೆ ಆ ಹಾಳೆಗಳನ್ನೆಲ್ಲ ಮತ್ತೆ ಕೊರೆಯಬೇಕು. ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಇಸ್ಪೀಟು ಆಡುವವರ ಹಾಗೆ ಹಿಂದೆ ಮುಂದೆ ಸರಿಸಿ ಹಾಳೆ ಕಟ್ಟುತ್ತಿದ್ದೆವು. ಕೆಂಪು ಚೀಟಿ ತನಗೆ ಸಂಬಂಧಿಸಿದ ಹಳದಿ ಚೀಟಿಯ ಮುಂಚೆಯೇ ಬರಬೇಕು. "ಕಾಲು ಸುಟ್ಟ ಮ್ಯಾಲ ಬೆಂಕಿ ಅದ ಅಂತ ಹೇಳಿದ್ರ ಏನು ಬಂತು?" ಅನ್ನುತ್ತಿದ್ದರು.

ಇನ್ನೊಂದು ನಿಯಮ, ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು. ಹಳ್ಳಿಯವರು ಆ ಹಾಳೆಯನ್ನು ಪೆಟ್ಟಿಗೆಯಲ್ಲಿ ಇಡುವುದಿಲ್ಲ, ಗಂಜಿ ಸವರಿ ಗೋಡೆಗೆ ಹಚ್ಚುತ್ತಾರೆ ಎಂಬುದನ್ನು ಅವರು ಮನೆಮನೆ ತಿರುಗಿ ನೋಡಿ ಬಂದಿದ್ದರು.

ಕೊನೆಯ ನಿಯಮವೇ ದೊಡ್ಡದು. ಹಾಳೆ ಕೊರೆದ ಮೇಲೆ ಒಂದೇ ಒಂದು ಪ್ರತಿ ತೆಗೆದು, ಆ ಸಾಮಾನು ಎಂದೂ ಮುಟ್ಟದ ಯಾರಿಗಾದರೂ ಕೊಡಬೇಕು, ಓದಿಕೊಂಡು ಅವರೇ ಮಾಡಬೇಕು. ನಾವು ಬಾಯಿ ತೆರೆಯಬಾರದು. ಓದಲು ಬಾರದವರಿದ್ದರೆ ಓದಿ ಹೇಳಬಹುದು, ಬರೆದದ್ದಕ್ಕಿಂತ ಒಂದು ಮಾತೂ ಹೆಚ್ಚಿಗೆ ಹೇಳುವಂತಿಲ್ಲ. ಅವರು ಸರಿಯಾಗಿ ಮಾಡಿದರೆ ಪರೀಕ್ಷೆಯ ಚೀಟಿಯಲ್ಲಿ 'ಮಾಡಿ ನೋಡಿದವರು' ಎಂಬಲ್ಲಿ ಅವರ ಸಹಿ, ಇಲ್ಲವೆ ಹೆಬ್ಬೆಟ್ಟು. ಅದರ ಕೆಳಗೆ ಅಕ್ಕೋರ ಸಹಿ. ಆಮೇಲೆ ಅಚ್ಚಿನ ಯಂತ್ರದಲ್ಲಿ ಹಾಕಿ ನೂರಾರು ಪ್ರತಿ.

ಅಕ್ಕೋರು ಸವಣೂರಿನ ವೈಷ್ಣವ ಮನೆತನದವರು. ಅವರ ತಂದೆ ದೊಡ್ಡ ಪಂಡಿತರು, ಹಳೆಯ ಗ್ರಂಥಗಳನ್ನು ನಕಲು ಮಾಡುತ್ತಿದ್ದರಂತೆ. "ನಮ್ಮಪ್ಪ ಒಂದಕ್ಷರ ತಪ್ಪಿ ಬರದ್ರ ಆ ಹೊತ್ತಿನ ಊಟ ಬಿಡ್ತಿದ್ದ. ಮುಂದಿನವ್ರು ನನ್ನ ತಪ್ಪನ್ನೇ ಪಾಠ ಮಾಡ್ತಾರ ಅಂತಿದ್ದ. ನಾ ಅಷ್ಟು ದೊಡ್ಡಾಕಿ ಅಲ್ಲಪ್ಪ, ಊಟ ಬಿಡೂದಿಲ್ಲ" ಎಂದು ಅವಲಕ್ಕಿಯ ಡಬ್ಬಿ ಬಿಚ್ಚುತ್ತಿದ್ದರು. ಅರ್ಧ ನನ್ನ ಕೈಗೆ ಸುರಿಯುತ್ತಿದ್ದರು. ಶಾಸ್ತ್ರ ಓದಿದ ಮನೆಯ ಮಗಳು ಸಗಣಿ, ಗೊಬ್ಬರ, ಪಂಪು ಅಂತ ಬರೆಯುತ್ತ ಕೂತಿದ್ದಾಳೆ ಎಂದು ಅವರ ಅಣ್ಣನಿಗೆ ಅಸಮಾಧಾನವಿತ್ತು. ಅದನ್ನೂ ನಗುತ್ತಲೇ ಹೇಳುತ್ತಿದ್ದರು. ಬಸ್ಸಿನಲ್ಲಿ ಕೂತರೆ ಬರೆದದ್ದನ್ನೆಲ್ಲ ಓದಬೇಕು. 'ಬಾಗಿಲ ಬಳಿ ನಿಲ್ಲಬಾರದು' ಎಂದಿದ್ದರೆ, "ಮತ್ತ ಎಲ್ಲಿ ನಿಂದ್ರಬೇಕು, ಅದನ್ನ ಬರದಿಲ್ಲ ನೋಡು" ಎಂದು ನನ್ನ ಕಿವಿಯಲ್ಲಿ ಅನ್ನುವರು. ಕಂಡಕ್ಟರನಿಗೂ ಅಂದುಬಿಡುವರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಸಂಕೋಚ ನನ್ನ ಹುಟ್ಟುಗುಣ.

ಆ ಸಂಕೋಚವೇ ಒಬ್ಬನ ಕಣ್ಣು ಕಳೆಯಿತು.

ಔಷಧ ಹೊಡೆಯುವ ಕೈಪಂಪಿನ ಹಾಳೆ. ಹೆಗಲಿಗೆ ಹಾಕಿಕೊಳ್ಳುವ ಡಬ್ಬಿ, ಒಳಗೆ ಗಾಳಿ ತುಂಬಿ ಒತ್ತಡದಿಂದ ಸಿಂಪಡಿಸುವುದು. ಅಕ್ಕೋರು ಚೀಟಿಗಳನ್ನು ತಾವೇ ಜೋಡಿಸಿ ಕೊಟ್ಟು, ಹಂಸಭಾವಿಯಲ್ಲಿ ನಾಲ್ಕು ದಿನದ ತರಬೇತಿ ಇದೆ ಎಂದು ಹೋದರು. "ಕೊರದು, ಮಾಡಿಸಿ ನೋಡಿ, ಅಚ್ಚು ಹಾಕಿ ಇಟ್ಟಿರು. ಸಹಿ ನಾ ಬಂದು ಮಾಡ್ತೀನಿ. ಸೋಮವಾರ ಮುಂಜಾನೆ ಜೀಪು ಹೋಗ್ತದ" ಅಂದರು. ಎಂಟನೆಯ ಹೆಜ್ಜೆ, ಔಷಧ ಮುಗಿದರೆ ಮುಚ್ಚಳ ತೆಗೆದು ಮತ್ತೆ ತುಂಬುವುದು. ಅದರ ಮುಂಚೆ ಒಂದು ಕೆಂಪು ಚೀಟಿ: 'ಮುಚ್ಚಳ ತೆಗೆಯುವ ಮೊದಲು ಒಳಗಿನ ಗಾಳಿಯನ್ನು ಪೂರ್ತಿ ಬಿಡಿರಿ. ಬಿಡದಿದ್ದರೆ ಔಷಧ ಮುಖಕ್ಕೆ ಸಿಡಿಯುತ್ತದೆ.'

ಆ ಕೆಂಪು ಚೀಟಿ ಹಳದಿ ಚೀಟಿಯ ಅಡಿಗೆ ಸರಿದಿತ್ತು. ಹಾಳೆಯ ಕೊನೆಯ ಸಾಲು ಕೊರೆದು ಮುಗಿಸಿದಾಗ ಕಂಡಿತು. ನಡುವೆ ತುರುಕಲು ಜಾಗವಿರಲಿಲ್ಲ. ಇಡೀ ಸ್ಟೆನ್ಸಿಲ್ ಹರಿದು ಮತ್ತೆ ಕೊರೆಯಬೇಕು. ಆ ವಾರ ನಾನು ಆಗಲೇ ಎರಡು ಸ್ಟೆನ್ಸಿಲ್ ಕೆಡಿಸಿದ್ದೆ. ಉಗ್ರಾಣದವನ ಮುಂದೆ ಮೂರನೆಯದಕ್ಕೆ ಹೋಗಿ ನಿಲ್ಲಬೇಕಲ್ಲ ಎಂದು ಮೈ ಹಿಡಿಯಾಯಿತು. ನನ್ನ ಹತ್ತಿರ ಕತ್ತರಿಸಿ ಉಳಿದ ಅರ್ಧ ಸ್ಟೆನ್ಸಿಲ್ ಇತ್ತು. ಅದರ ಮೇಲೆ ಜೋಕೆಯ ಮಾತನ್ನು ದೊಡ್ಡ ಅಕ್ಷರದಲ್ಲಿ, ಸುತ್ತ ಚೌಕಟ್ಟು ಹಾಕಿ ಚಂದಾಗಿ ಕೊರೆದೆ. ಹಾಳೆಯ ಹಿಂದಿನ ಮಗ್ಗುಲಿಗೆ ಅಚ್ಚು ಹಾಕಿದೆ. ಬರೆದದ್ದಂತೂ ಇದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಇನ್ನು ಮಾಡಿಸಿ ನೋಡುವುದು. ಪಂಪು ಹೊರುವವರು ಗಂಡಸರು. ಪೇಟೆಯಲ್ಲೋ ಹೊಲದಲ್ಲೋ ಗುರುತಿಲ್ಲದ ಒಬ್ಬ ಗಂಡಸಿನ ಮುಂದೆ ನಿಂತು, ಇದನ್ನು ಓದಿ ಮಾಡ್ರಿ, ನಾನು ನೋಡುತ್ತೇನೆ ಎನ್ನಬೇಕು. ಇಪ್ಪತ್ತೈದರ ವಿಧವೆ ನಾನು. ಅಕ್ಕೋರು ಜೊತೆಗಿದ್ದಾಗ ಅವರ ಬೆನ್ನ ಹಿಂದೆ ನಿಂತಿರುತ್ತಿದ್ದೆ. ಎರಡು ದಿನ ಬಾಗಿಲಿನವರೆಗೆ ಹೋಗಿ ತಿರುಗಿ ಬಂದೆ. ಮೂರನೆಯ ದಿನ ಮಸಿಯ ರೋಲರಿಗೆ ನನ್ನದೇ ಎಡಗೈ ಹೆಬ್ಬೆರಳು ಒತ್ತಿ, 'ಮಾಡಿ ನೋಡಿದವರು' ಎಂಬಲ್ಲಿ ಹೆಬ್ಬೆಟ್ಟು ಹಾಕಿದೆ. ದುಂಡು ಅಕ್ಷರದಲ್ಲಿ ಸಹಿ ಮಾಡಬಲ್ಲವಳು, ಅಕ್ಷರ ಬಾರದವರ ಗುರುತು ಕದ್ದೆ.

ಸೋಮವಾರ ಅಕ್ಕೋರು ಹಂಸಭಾವಿಯ ಬಸ್ಸಿಳಿದು ನೇರ ಬಂದಾಗ ಜೀಪಿಗೆ ಕಟ್ಟುಗಳು ಏರುತ್ತಿದ್ದವು.

"ಮಾಡಿ ನೋಡ್ಯಾರೇನು, ತಂಗಿ?"

"ಹೂಂನ್ರಿ."

ಚೀಟಿ ಇಸಿದುಕೊಂಡು ಜೀಪಿನ ಬಾನೆಟ್ಟಿನ ಮೇಲೆಯೇ ಸಹಿ ಮಾಡಿದರು. ಕಟ್ಟು ಬಿಚ್ಚಿ ನೋಡಲಿಲ್ಲ. ನನ್ನ ಮಾತು ನಂಬಿ ನೋಡಲಿಲ್ಲ.

ಇಪ್ಪತ್ತು ದಿನಕ್ಕೆ ಆಡೂರ ಕಡೆಯಿಂದ ಒಬ್ಬ ಹೆಣ್ಣುಮಗಳು ಕೇಂದ್ರಕ್ಕೆ ಬಂದಳು. ಅವಳ ಕೈಯಲ್ಲಿ ನಮ್ಮ ಹಾಳೆ. ಗೋಡೆಯಿಂದ ಕಿತ್ತು ತಂದದ್ದು. ಹಿಂದಿನ ಮಗ್ಗುಲಿಗೆ ಮಣ್ಣು ಹಕ್ಕಳೆ ಹಕ್ಕಳೆಯಾಗಿ ಅಂಟಿತ್ತು. "ನಮ್ಮವ್ರು ಇದನ್ನ ಓದೇ ಮಾಡ್ಯಾರ್ರಿ. ಒಂದೊಂದ ಸಾಲಿಗೆ ಬಟ್ಟು ಇಟ್ಟು ಓದ್ಯಾರ. ಮುಚ್ಚಳಾ ತಿರುವಿದ ಕೂಡ್ಲೇ ಕಣ್ಣಿಗೆ ಸಿಡೀತು. ಒಂದು ಕಣ್ಣು ಹೋತು ಅಂದ್ರು ಹುಬ್ಬಳ್ಳ್ಯಾಗ. ಇದರಾಗ ಎಲ್ಲಿ ಬರದೀರಿ ಹೇಳ್ರಿ ನೀವು?" ಅಂದಳು. ಅಕ್ಕೋರು ಹಾಳೆ ತೆಗೆದುಕೊಂಡು ಓದಿದರು. ಎಂಟನೆಯ ಸಾಲಿಗೆ ಬೆರಳು ನಿಂತಿತು. ತಿರುವಿ, ಗುಲಾಬಿ ಉಗುರಿನಿಂದ ಮಣ್ಣು ಕೆರೆದರು. ಚೌಕಟ್ಟಿನೊಳಗಿನ ನನ್ನ ಚಂದದ ಅಕ್ಷರ ಒಂದೊಂದಾಗಿ ಕಂಡವು. ಅವರು ನನ್ನ ಕಡೆ ನೋಡಲಿಲ್ಲ. ಆ ಹೆಣ್ಣುಮಗಳಿಗೆ, "ಕುಂದ್ರವಾ" ಅಂದು ತಾವು ನಿಂತೇ ಇದ್ದರು.

ಧಾರವಾಡದಿಂದ ಸಾಹೇಬರು ಬಂದರು. ಎಲ್ಲರ ಮುಂದೆ ಪರೀಕ್ಷೆಯ ಚೀಟಿ ಎತ್ತಿ ಹಿಡಿದು, "ಈ ಹೆಬ್ಬೆಟ್ಟು ಯಾರದ್ರಿ?" ಎಂದು ಕೇಳಿದರು. ನಾನು ಯಂತ್ರದ ಪಕ್ಕ ನಿಂತಿದ್ದೆ, ಎಡಗೈ ಸೆರಗಿನ ಒಳಗೆ. ಈಗ ಹೇಳಬೇಕು ಅನ್ನಿಸಿತು. ಹೇಳಿದರೆ ಕೆಲಸ ಹೋಗುತ್ತದೆ, ನಿಮ್ಮ ಅವ್ವನನ್ನು ಎತ್ತಿಕೊಂಡು ಮತ್ತೆ ಭಾವನ ಮನೆಯ ಹಿತ್ತಲಿಗೆ ಹೋಗಬೇಕು ಅನ್ನಿಸಿತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಅಕ್ಕೋರು ಚೀಟಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಕೊಟ್ಟು, "ಯಾರದರೆ ಇರ್ಲಿ ಸಾಹೇಬ್ರ, ಅದರ ಕೆಳಗಿನ ಸಹಿ ನಂದದ. ನೋಡದ ಸಹಿ ಮಾಡಿದ್ದು ನಂದ ತಪ್ಪು" ಅಂದರು.

ಅವರನ್ನು ಶಿಗ್ಗಾಂವದ ಬೀಜದ ಉಗ್ರಾಣಕ್ಕೆ ಹಾಕಿದರು. ಚೀಲಗಳಿಗೆ ಕಟ್ಟುವ ಚೀಟಿ ಬರೆಯುವ ಕೆಲಸ. ಹೋಗುವಾಗ ಬಿಸ್ಕೀಟಿನ ಡಬ್ಬಿ ನನ್ನ ಮೇಜಿನ ಮೇಲೆ ಇಟ್ಟು ಹೋದರು. ನನ್ನ ಕೆಲಸ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಕೆಲವು ವರ್ಷಕ್ಕೆ ಕಾಯಂ ಆಯಿತು. ಹೊಸದಾಗಿ ಬಂದವರಿಗೆ ಹಾಳೆ ಬರೆಯುವುದನ್ನು ನಾನೇ ಕಲಿಸಿದೆ. ಕೊಡ ಹೊರುವ ಪರೀಕ್ಷೆ ನಾನೇ ಇಟ್ಟೆ. "ನಿಮ್ಮ ಪದ್ಧತಿ ಭಾರಿ ಛಲೋ ಐತ್ರಿ ಬಾಯಾರ" ಎಂದರೆ ಸುಮ್ಮನಿರುತ್ತಿದ್ದೆ. ಆ ಸುಮ್ಮನಿದ್ದುದನ್ನು ಅವರು ವಿನಯ ಎಂದುಕೊಂಡರು. ಹುಬ್ಬಳ್ಳಿಗೆ ಹೋಗುವಾಗ ಬಸ್ಸು ಶಿಗ್ಗಾಂವದಲ್ಲಿ ನಿಲ್ಲುತ್ತಿತ್ತು, ಆ ಉಗ್ರಾಣದ ಎದುರಿಗೇ. ನಾನು ಸೆರಗು ಎಳೆದುಕೊಂಡು ಮುಖ ಆಚೆ ತಿರುಗಿಸುತ್ತಿದ್ದೆ.

ಶಿಗ್ಗಾಂವದಿಂದ ಒಮ್ಮೆ ಅಂಚೆಯಲ್ಲಿ ಒಂದು ಹಾಳೆ ಬಂತು. ಪಂಪಿನ ಹಾಳೆ, ಹೊಸದಾಗಿ ಬರೆದದ್ದು. ಅಕ್ಕೋರ ಅಕ್ಷರ. ಒಂದೇ ಮಗ್ಗುಲು, ಜೋಕೆಯ ಮಾತು ಅದರ ಜಾಗದಲ್ಲಿ. ಕೆಳಗೆ 'ಮಾಡಿ ನೋಡಿದವರು' ಎಂದು ಯಾರದೋ ಸೊಟ್ಟ ಸಹಿ. ಜೊತೆಗೆ ಪತ್ರವಿರಲಿಲ್ಲ. ನಾನು ಅದನ್ನೇ ಕೊರೆದು ಎಷ್ಟೋ ವರ್ಷ ಹಂಚಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕೋರಿಗೆ ಮೈಯಲ್ಲಿ ಸರಿಯಿಲ್ಲ, ಸವಣೂರಿನ ಅಣ್ಣನ ಮನೆಯಲ್ಲಿದ್ದಾರೆ ಎಂದು ಕೇಳಿದೆ. ಹೋದೆ. ಪಡಸಾಲೆಯಲ್ಲಿ ಒರಗಿಕೊಂಡಿದ್ದರು. ಹೆಬ್ಬೆರಳಿನ ಉಗುರು ಉಳಿದವುಗಳಂತೆಯೇ ಬೆಳ್ಳಗಾಗಿತ್ತು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. "ಅಕ್ಕೋರ, ಆ ಹೆಬ್ಬೆಟ್ಟು..." ಎನ್ನುವಷ್ಟರಲ್ಲಿ ಅವರೇ ಅಂದರು:

"ನಿಂದು. ನಡುವ ಕುಡಗೋಲು ಬಡದ ಗೆರಿ. ದಿನಾ ಎದುರಿಗೆ ಕುಂತು ಬರಿಯಾಕಿ ಕೈ ನನಗ ಗೊತ್ತಾಗೂದಿಲ್ಲೇನು?"

"ಮತ್ತ ಸಾಹೇಬ್ರ ಮುಂದ ಯಾಕ ಹೇಳಲಿಲ್ರಿ?"

"ಅದು ನಾ ಹೇಳೂ ಮಾತಲ್ಲ. ನೀ ಹೇಳ್ತಿ ಅಂತ ಮಾಡಿದ್ದೆ." ಸ್ವಲ್ಪ ದಮ್ಮು ತೆಗೆದುಕೊಂಡರು. "ಶಿಗ್ಗಾಂವದಾಗ ಹಾನಗಲ್ ಬಸ್ ನಿಂತಾಗೊಮ್ಮೆ ತಲಿ ಎತ್ತಿ ನೋಡ್ತಿದ್ದೆ. ಇಳೀತಾಳ ಅಂತ. ಒಂದು ಸಲ ಕಿಡಕ್ಯಾಗ ನಿನ್ನ ಮಾರಿ ಕಂಡ್ತು. ಆಚೆ ಹೊಳ್ಳಿಸಿದಿ. ಅವತ್ತಿಂದ ನೋಡೂದು ಬಿಟ್ಟೆ."

ನಾನು ಅವರ ಕಾಲು ಹಿಡಿದುಕೊಂಡೆ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ತಲೆ ಮೇಲೆ ಕೈಯನ್ನೂ ಇಡಲಿಲ್ಲ. "ನನ್ನ ಮುಂದ ಹೇಳಿ ಏನು ಮಾಡ್ತಿ, ನಾ ಬರಸಿದಾಕಿ. ಓದಿದವ್ರ ಮುಂದ ಹೋಗಿ ಹೇಳು" ಅಂದರು. ಆಯಿತು ಎಂದು ಬಂದೆ. ಹೋಗಲಿಲ್ಲ. ಇವತ್ತು ನಾಳೆ ಎನ್ನುವುದರಲ್ಲಿ ಅಕ್ಕೋರು ತೀರಿಕೊಂಡ ಸುದ್ದಿ ಬಂತು; ಅದೂ ದಹನವಾಗಿ ಎಂಟು ದಿನದ ಮೇಲೆ.

ಆಗ ಆಡೂರಿನ ಬಸ್ಸು ಹತ್ತಿದೆ. ಆ ಮನುಷ್ಯ ಕಟ್ಟೆಯ ಮೇಲೆ ಕೂತು ಹಗ್ಗಕ್ಕೆ ಪುಂಡಿನಾರು ಹೊಸೆಯುತ್ತಿದ್ದ. ಒಂದು ಕಣ್ಣು ಮುಚ್ಚಿತ್ತು. ಒಳಗಿನ ಗೋಡೆಯ ಮೇಲೆ, ಹೊಗೆಗೆ ಕಂದಿದ ಆ ಹೊಸ ಹಾಳೆ. ಕೆಳಗೆ ಅದೇ ಸೊಟ್ಟ ಸಹಿ.

"ಅದು ನಂದ ಸಹೀರಿ" ಅಂದ ಆತ. "ಶಿಗ್ಗಾಂವದ ಬಾಯಾರು ಮೂರು ಸಲ ಬಂದಿದ್ರು. ಒಂದು ಸಾಲು ಓದೂದು, ಒಂದು ಸಲ ಮಾಡೂದು. ಬರೇ ನೀರು ತುಂಬಿ ಮಾಡಿಸಿದ್ರು. ನಿಮಗ ತಿಳೀದಿದ್ರ ತಪ್ಪು ನಂದು, ನಿಮ್ಮದಲ್ಲ ಅಂತಿದ್ರು."

ಆ ಸಹಿಯನ್ನು ನಾನು ಅದೆಷ್ಟು ಸ್ಟೆನ್ಸಿಲ್ಲುಗಳ ಮೇಲೆ ಗೆರೆ ತಪ್ಪದಂತೆ ಕೊರೆದಿದ್ದೆ. ಕಣ್ಣು ಕಳೆದುಕೊಂಡವನ ಹೆಸರೇನು ಎಂದು ಒಮ್ಮೆಯೂ ಕೇಳದವಳಿಗೆ ಅದು ಯಾರದೆಂದು ಹೇಗೆ ತಿಳಿಯಬೇಕು?

ನಿಂತುಕೊಂಡೇ ಎಲ್ಲ ಹೇಳಿದೆ. ಆತ ನಾರು ಹೊಸೆಯುವುದು ನಿಲ್ಲಿಸಿದ. ಹೆಂಡತಿ ಬಾಗಿಲಿಗೆ ಬಂದು ಕೇಳಿಸಿಕೊಳ್ಳುತ್ತಿದ್ದಳು. "ಅಂದ್ರ ನೀವ?" ಅಂದಳು. "ಆ ಬಾಯಾರು ಮೊದಲ್ನೇ ಸಲ ಬಂದಾಗ ನಾ ಮಾರಿಗೆ ಬಾಗಲಾ ಹಾಕಿದ್ದೆ. ಮಣ್ಣು ತೂರಿ ಶಾಪ ಹಾಕಿದ್ದೆ. ಅವರು ಬಿಸಲಾಗ ನಿಂತಿದ್ರ ಹೊರ್ತು ನಾ ಅಲ್ಲ ಅನ್ನಲಿಲ್ಲ. ನೀವು ಅವತ್ತ ಒಂದು ಮಾತು ಅಂದಿದ್ರ ಆ ಶಾಪ ನಿಮಗ ಹತ್ತತಿತ್ತಲ್ಲ?"

"ಹೌದ್ರಿ" ಅಂದೆ.

"ಬಿಡ, ನೀರು ಕೊಡು ಅವರಿಗೆ" ಅಂದ ಆತ. ಅವಳು ಒಳಗೆ ಹೋದಳು, ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ನಿಂತು, ಬಸ್ಸಿನ ವೇಳೆಯಾಯಿತೆಂದು ಬಂದೆ.

ಬಿಸ್ಕೀಟಿನ ಆ ಡಬ್ಬಿ ನನ್ನ ಟ್ರಂಕಿನಲ್ಲಿದೆ. ನೀವು ಮೊನ್ನೆ ಅದನ್ನು ತೆರೆದು, ಕೆಂಪು ಚೀಟಿಗಳನ್ನು ಹರಡಿ, ಇದೇನಜ್ಜಿ ಎಂದು ಕೇಳಿದಿರಿ. ಹಳೆಯ ಆಫೀಸಿನ ಕಾಗದ ಅಂದೆ. ಅದಕ್ಕೇ ಈಗ ಕೂತು ಇದನ್ನು ಬರೆದೆ. ಬರೆದು ಮುಗಿಸಿ ಅಕ್ಕೋರು ಓದುವ ಹಾಗೆ ಬೆರಳಿಟ್ಟು ಓದಿ ನೋಡಿದರೆ, ಉಗುರಿನ ಬಣ್ಣದಿಂದ ಸುರು ಮಾಡಿದ್ದೇನೆ, ಕೊಡದ ನೀರು ಚೆಲ್ಲಿ ನಿಮ್ಮನ್ನು ನಗಿಸಿದ್ದೇನೆ. ನಿಮ್ಮ ಅಜ್ಜಿ ಒಬ್ಬನ ಕಣ್ಣು ಕಳೆದು, ಆ ತಪ್ಪನ್ನು ಇನ್ನೊಬ್ಬರ ತಲೆಯ ಮೇಲೆ ಬಿಟ್ಟು ಹನ್ನೊಂದು ವರ್ಷ ಸುಮ್ಮನಿದ್ದವಳು ಎಂಬ ಸಾಲು ಎಲ್ಲಕ್ಕಿಂತ ಮೇಲೆ ಬರಬೇಕಿತ್ತು. ಅದನ್ನು ಮತ್ತೆ ಹಿಂದಿನ ಪುಟಕ್ಕೇ ಹಾಕಿದ್ದೇನೆ. ಹರಿದು ಹೊಸದಾಗಿ ಬರೆಯಲು ಈಗ ಕಣ್ಣು ಸಾಲದು. ಮಕ್ಕಳೇ, ಈ ಕಾಗದವನ್ನು ತಿರುವಿ, ಮೊದಲು ಆ ಸಾಲನ್ನು ಓದಿರಿ.